ಮೆತ್ತೆ ತೆಗೆದ ಲೆಕ್ಕ

ಫೆಬ್ರವರಿ ೪

ಪಿಟೀಲು,

ಕಾಗದ ನೋಡಿ ಗಾಬರಿಯಾಗಬೇಡ, ಬದುಕಿದ್ದೇನೆ. ಫೋನಿನಲ್ಲಿ ನಾನು ತೊದಲುವುದು, ನೀನು ನಿನ್ನ ಹೆಸರಿಗೆ ತಕ್ಕ ಹಾಗೆ ಪಿಟೀಲು ಕೊಯ್ದಂತೆ ಅಳುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲವೆಂದು ಕಳೆದ ವಾರ ಇಬ್ಬರಿಗೂ ಗೊತ್ತಾಯಿತಲ್ಲ. ಮಾತು ಬಾಯಿಗೆ ಬರುವ ಮೊದಲೇ ಜಾರಿಹೋಗುತ್ತದೆ. ಕೈಗೆ ಇನ್ನೂ ಬರುತ್ತದೆ, ನಿಧಾನವಾಗಿ. ಪರದೆ ನೋಡಿದರೆ ಫಿಟ್ಸ್ ಬರುತ್ತದೆಂದು ಕಂಪ್ಯೂಟರು, ಮೊಬೈಲು ಎರಡನ್ನೂ ಆಸ್ಪತ್ರೆಯವರು ಕಿತ್ತುಕೊಂಡಿದ್ದಾರೆ. ಉಳಿದದ್ದು ಪೆನ್ಸಿಲು. ಕಿಟಕಿಯ ಕೆಳಗೆ ಬಸ್ಸು ತೊಳೆಯುವ ಜಾಗವಿದೆ. ದಿನವಿಡೀ ಬಸ್ಸು ತೊಳೆಯುವುದನ್ನು ನೋಡುತ್ತೇನೆ. ನಿನ್ನ ಅತ್ತಿಗೆ ಕುರ್ಚಿಯಲ್ಲಿ ಕೂತು ನನ್ನನ್ನು ನೋಡುತ್ತಾಳೆ.

ವಿಷಯಕ್ಕೆ ಬರುತ್ತೇನೆ. ತಲೆಯೊಳಗಿನ ಗಡ್ಡೆಯನ್ನು ಮಾರ್ಚ್ ಕೊನೆಗೆ ತೆಗೆಯುತ್ತಾರೆ. ಅದು ಮಾತಿನ ಜಾಗಕ್ಕೂ ಲೆಕ್ಕದ ಜಾಗಕ್ಕೂ ಒತ್ತಿಕೊಂಡು ಕೂತಿದೆಯಂತೆ. ಡಾಕ್ಟರು ಏನು ಕೇಳಿದರೂ "ನೋಡೋಣ" ಎನ್ನುವವರು. ಬಿಡದೆ ಕೇಳಿದೆ. "ಮಾತು ಸ್ವಲ್ಪ ವಾಪಸ್ ಬರಬಹುದು. ಲೆಕ್ಕ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ" ಎಂದರು.

ಅದಕ್ಕೆ ಮೊದಲು ನನಗೆ ಒಂದು ವಿಷಯ ತಿಳಿಯಬೇಕು. ನನ್ನ ಗುಂಪು ಉಳಿಯುತ್ತದೆಯೋ, ಚದುರುತ್ತದೆಯೋ. ಹೊರಗಿನ ಯಾರೂ ಮುಟ್ಟದ ಇಪ್ಪತ್ತು ಸಾವಿರ ನಕ್ಷತ್ರಗಳ ಗುಂಪು ತನ್ನಷ್ಟಕ್ಕೆ ಒಟ್ಟಿಗೆ ಉಳಿಯುತ್ತದೆ ಎಂದು ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದವನು. ಆದರೆ ನನ್ನ ಪ್ರೋಗ್ರಾಮಿನಲ್ಲಿ ಮೆತ್ತೆ ಇದೆ. ನಿನಗೆ ಹೇಳಿಕೊಟ್ಟಿದ್ದೆ: ಎರಡು ಕಣ, ಅಂದರೆ ಲೆಕ್ಕದೊಳಗಿನ ಎರಡು ನಕ್ಷತ್ರ, ತೀರಾ ಹತ್ತಿರ ಬಂದರೆ ನಡುವಿನ ದೂರ ಸೊನ್ನೆಯಾಗುತ್ತಾ ಸೆಳೆತ ಅಳತೆ ಮೀರುತ್ತದೆ, ಲೆಕ್ಕ ಎರಡನ್ನೂ ಎತ್ತಿ ಎಲ್ಲಿಗೋ ಒಗೆಯುತ್ತದೆ. ಹಾಗಾಗದಿರಲಿ ಎಂದು ಪ್ರತಿ ದೂರಕ್ಕೂ ಒಂದಿಷ್ಟು ಸೇರಿಸುತ್ತೇವೆ. ನನ್ನ ಮೆತ್ತೆ ದಪ್ಪವಾಯಿತೇನೋ ಎಂಬ ಅನುಮಾನ ಹೊಕ್ಕಿದೆ. ಮೆತ್ತೆ ದಪ್ಪವಿದ್ದರೆ ಯಾರಿಗೂ ಜೋರಾಗಿ ಏಟು ಬೀಳುವುದಿಲ್ಲ, ಏಟು ಬೀಳದೆ ಯಾರೂ ಗುಂಪು ಬಿಟ್ಟು ಓಡುವುದಿಲ್ಲ. ಗುಂಪು ಉಳಿದದ್ದು ತನ್ನ ಸೆಳೆತದಿಂದಲೋ ನನ್ನ ಮೆತ್ತೆಯಿಂದಲೋ?

ಮೆತ್ತೆಯನ್ನು ತೆಗೆದು ಪೂರ್ತಿ ಕಾಲ ಓಡಿಸು. ಪ್ರೋಗ್ರಾಮನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕಳಿಸು, ಇಲ್ಲಿಂದ ಓದುತ್ತೇನೆ. ಇಲ್ಲಿಗೆ ಬರಬೇಡ. ನೀನು ಬಂದರೆ ಯಂತ್ರದ ಮುಂದೆ ಯಾರು ಕೂರುತ್ತಾರೆ?

ಅಣ್ಣ


ಫೆಬ್ರವರಿ ೧೧

ಅಣ್ಣ,

ಕಾಗದ ಬಂತು. ಅಕ್ಷರ ಕೋಳಿ ಕೆದರಿದ ಹಾಗಿದೆ. ಮೊದಲೂ ಹಾಗೇ ಇತ್ತು, ಅದೇ ನನಗೆ ಸಮಾಧಾನ.

ನಮ್ಮ ಹವಾಮಾನ ಕಚೇರಿಯ ದೊಡ್ಡ ಯಂತ್ರ ಕೊಡಿ ಎಂದು ಮೇಲಧಿಕಾರಿಯ ಬಳಿ ಹೋದೆ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ನಮ್ಮ ಲೆಕ್ಕ ಮುಗಿದು ಯಂತ್ರ ಖಾಲಿ ಇದ್ರೆ ಓಡಿಸ್ಕೊ. ಬಿರುಗಾಳಿ ಬಂತು ಅಂದ್ರೆ ನಿಂದನ್ನ ನಿಲ್ಲಿಸಿಬಿಡ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು" ಎಂದರು. ಅವರ ಬಾಯಲ್ಲಿ ಇದು ಆಶೀರ್ವಾದ.

ನಿನ್ನ ಪ್ರೋಗ್ರಾಮು ಇದ್ದ ಹಾಗೇ ಓಡಿಸಿದರೆ ನಾನು ನಿವೃತ್ತಿಯಾಗುವ ಹೊತ್ತಿಗೆ ಮುಗಿಯುತ್ತದೆ. ಪ್ರತಿ ಕಣವೂ ಪ್ರತಿ ಹೆಜ್ಜೆಗೂ ಉಳಿದ ಅಷ್ಟೂ ಕಣಗಳ ಸೆಳೆತ ಕೇಳುತ್ತಾ ಕೂತಿದೆ. ಸಭೆಗೆ ಬಂದ ಒಬ್ಬೊಬ್ಬರೂ ಉಳಿದವರೆಲ್ಲರ ಕೈ ಕುಲುಕಿಯೇ ಕೂರಬೇಕೆಂದರೆ ಸಭೆ ಶುರುವಾಗುವುದು ಯಾವಾಗ? ಜನ ಎರಡರಷ್ಟಾದರೆ ಕೈ ಕುಲುಕುವುದು ನಾಲ್ಕರಷ್ಟು. ಆದ್ದರಿಂದ ಕೊಂಬೆಯಿಂದ ಕೊಂಬೆ ಒಡೆಯುವ ಮರದ ಲೆಕ್ಕ ಹಾಕಿದ್ದೇನೆ. ಆಕಾಶವನ್ನು ಡಬ್ಬಿಗಳಾಗಿ, ಡಬ್ಬಿಯೊಳಗೆ ಮತ್ತೆ ಡಬ್ಬಿಗಳಾಗಿ ಕತ್ತರಿಸಿದ್ದೇನೆ. ದೂರದ ಡಬ್ಬಿಯೊಳಗೆ ಎಷ್ಟೇ ಕಣವಿರಲಿ, ಎಲ್ಲ ಸೇರಿ ಒಂದೇ ಭಾರ. ಹತ್ತಿರದವನ್ನು ಮಾತ್ರ ಡಬ್ಬಿ ತೆರೆದು ಒಂದೊಂದಾಗಿ ವಿಚಾರಿಸುತ್ತದೆ. ಕೆಲಸ ಎಷ್ಟೋ ಹಗುರವಾಯಿತು.

ಆದರೆ ಶಕ್ತಿ ಸೋರುತ್ತಿದೆ, ಅಣ್ಣ. ಸೋರುವುದಲ್ಲ, ಒಲೆಯ ಮೇಲಿನ ಹಾಲಿನ ಹಾಗೆ ಏರುತ್ತಿದೆ. ಯಾರೂ ಹೊರಗಿನಿಂದ ತಳ್ಳದಿರುವಾಗ ಒಟ್ಟು ಶಕ್ತಿ ಹೊರಟಾಗ ಇದ್ದಷ್ಟೇ ಇರಬೇಕು ತಾನೇ? ನಾನು ಏನು ಮುಟ್ಟಿದರೂ ಏರುತ್ತದೆ. ಹೀಗಿದ್ದರೆ ಗುಂಪು ಚದುರಿದರೂ ನಂಬುವ ಹಾಗಿಲ್ಲ, ಉಳಿದರೂ ನಂಬುವ ಹಾಗಿಲ್ಲ. ಹಾಳೆಗಳನ್ನು ಇಟ್ಟಿದ್ದೇನೆ, ದಯವಿಟ್ಟು ನೋಡು. ನನಗೆ ತಲೆ ಕೆಟ್ಟುಹೋಗಿದೆ. ನಿನ್ನ ಮುಂದೆ ಹೀಗೆ ಹೇಳಬಾರದಿತ್ತು, ಕ್ಷಮಿಸು.

ಊಟ ಸೇರುತ್ತಿದೆಯಾ?

ಪಿಟೀಲು


ಫೆಬ್ರವರಿ ೧೯

ಪಿಟೀಲು,

ತಲೆ ಕೆಟ್ಟಿರುವುದು ನನ್ನದು, ಅದನ್ನೂ ಕಿತ್ತುಕೊಳ್ಳಬೇಡ.

ಮೂರನೆಯ ಹಾಳೆಯಲ್ಲಿ ಸಿಕ್ಕಿಬಿದ್ದಿದ್ದೀಯ. ನಮ್ಮ ಲೆಕ್ಕ ಕಪ್ಪೆ ಜಿಗಿದ ಹಾಗೆ ಹೋಗುತ್ತದೆ. ವೇಗಕ್ಕೆ ಅರ್ಧ ಹೆಜ್ಜೆ, ಜಾಗಕ್ಕೆ ಪೂರ್ತಿ ಹೆಜ್ಜೆ, ಮತ್ತೆ ವೇಗಕ್ಕೆ ಅರ್ಧ ಹೆಜ್ಜೆ. ಅದೇ ದಾರಿಯಲ್ಲಿ ಹಿಂದಕ್ಕೆ ಓಡಿಸಿದರೆ ಹೊರಟ ಜಾಗಕ್ಕೇ ಬರಬೇಕು. ಆ ಗುಣ ಇರುವವರೆಗೆ ಶಕ್ತಿ ಕೈಬಿಡುವುದಿಲ್ಲ. ಹತ್ತಿರ ಬಂದ ಕಣಗಳಿಗೆ ನೀನು ಸಣ್ಣ ಹೆಜ್ಜೆ ಕೊಟ್ಟದ್ದು ಸರಿ. ಆದರೆ ಅಳತೆ ಬದಲಿಸಿದ್ದು ಜಿಗಿತದ ನಡುವೆ, ಕಾಲು ಗಾಳಿಯಲ್ಲಿರುವಾಗ. ಹೆಜ್ಜೆಗಳನ್ನು ಅರ್ಧ, ಕಾಲು, ಅರೆಕಾಲು ಎಂದು ಮಾತ್ರ ಇಟ್ಟುಕೊ. ಎಲ್ಲವೂ ಒಟ್ಟಿಗೆ ನೆಲಕ್ಕೆ ಬಂದ ಕ್ಷಣದಲ್ಲಿ ಮಾತ್ರ ಬದಲಿಸು.

ಇಷ್ಟು ಹುಡುಕಲು ಐದು ದಿನ ಹಿಡಿಯಿತು. ಹಿಂದೆ ಚಹಾ ಆರುವುದರೊಳಗೆ ಹಿಡಿಯುತ್ತಿದ್ದೆ. ಒಂದು ಸಾಲು ಓದಿ ಮುಂದಿನದಕ್ಕೆ ಹೋದರೆ ಹಿಂದಿನದು ಇರುವುದಿಲ್ಲ. ನಿನ್ನ ಅತ್ತಿಗೆಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಹೊಸ ನರ್ಸಮ್ಮ ಹಾಳೆಗಳನ್ನು ನೋಡಿ "ಏನ್ ಸಾರ್, ಮಂತ್ರಾನಾ?" ಎಂದರು. ತಲೆಯಾಡಿಸಿದೆ. ಈಗ ಮಾತ್ರೆ ಕೊಡುವಾಗ ಮರ್ಯಾದೆಯಿಂದ ಕೊಡುತ್ತಾರೆ.

ಅಣ್ಣ


ಫೆಬ್ರವರಿ ೨೭

ಅಣ್ಣ,

ಹಿಡಿಯಿತು. ನೀನು ಹೇಳಿದ ಹಾಗೆ ಬದಲಿಸಿದ ಮೇಲೆ ಶಕ್ತಿ ಬಾಲ ಮುದುರಿಕೊಂಡು ಕೂತಿದೆ. ಕುಣಿದು ಕುಪ್ಪಳಿಸಿದ್ದಕ್ಕೆ ಪಕ್ಕದ ಮೇಜಿನವರು ಗಾಳಿಯ ಒತ್ತಡ ಏನಾದರೂ ಬಿತ್ತೇ ಎಂದು ಎದ್ದು ಬಂದರು.

ಮೊದಲು ಸಣ್ಣ ಪರೀಕ್ಷೆ ಮಾಡಿದೆ. ಕೆಲವೇ ನೂರು ಕಣ, ಮರವಿಲ್ಲ, ಜೋಡಿ ಜೋಡಿಯಾಗಿ ಎಲ್ಲರಿಗೂ ಎಲ್ಲರ ಸೆಳೆತ. ಒಟ್ಟು ಸಂವೇಗದ ಕಾಲಂ ಪೂರ್ತಿ ಸೊನ್ನೆ. ಇದು ಆ ಕಡೆ ಎಳೆದಷ್ಟೂ ಅದು ಈ ಕಡೆ ಎಳೆದು, ಎಲ್ಲ ವಜಾ ಆಗಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳ ಸಾಲು. ಗೋಡೆಗೆ ಅಂಟಿಸುವಷ್ಟು ಚೆಂದವಿತ್ತು.

ಮೊನ್ನೆ ದೊಡ್ಡ ಓಟ ಶುರು ಮಾಡಿದೆ: ಇಪ್ಪತ್ತು ಸಾವಿರ ಕಣ, ಮೆತ್ತೆ ಇಲ್ಲ. ಓಡುತ್ತಿದೆ, ಆದರೆ ನಡುನಡುವೆ ತೆವಳುತ್ತದೆ. ಎಲ್ಲೋ ಎರಡು ಕಣ ಒಂದನ್ನೊಂದು ಬಿಡದೆ ಗಿರಕಿ ಹೊಡೆಯತೊಡಗಿದರೆ ಅವೆರಡಕ್ಕಾಗಿ ಹೆಜ್ಜೆ ಸಣ್ಣದಾಗುತ್ತಾ ಹೋಗುತ್ತದೆ, ಉಳಿದವರೆಲ್ಲ ಕಾಯಬೇಕು. ಪರವಾಗಿಲ್ಲ. ಮಾರ್ಚ್ ಕೊನೆಗೆ ಇನ್ನೂ ದಿನವಿದೆ.

ನೀನು ಹೇಳಬೇಡ ಎಂದದ್ದನ್ನು ಅತ್ತಿಗೆಗೆ ಹೇಳಿಲ್ಲ. ಆದರೆ ಅವರಿಗೆ ಗೊತ್ತಿಲ್ಲ ಎಂದುಕೊಂಡಿರುವುದು ನೀನೊಬ್ಬನೇ.

ಪಿಟೀಲು


ಮಾರ್ಚ್ ೬

ಪಿಟೀಲು,

ಆಪರೇಷನ್ನಿನ ದಿನ ಹತ್ತಿರಕ್ಕೆ ಬಂದಿದೆ. ೧೯ಕ್ಕೇ ತೆಗೆಯುತ್ತಾರಂತೆ. ಮೊನ್ನೆ ಎರಡು ಸಲ ಫಿಟ್ಸ್ ಬಂತು, ಇನ್ನು ಕಾಯುವ ಹಾಗಿಲ್ಲವೆಂದರು.

ಮುಗಿಯುತ್ತದೆಯೇ? ಹೇಗಾದರೂ ಮಾಡಿ ಮುಗಿಸು. ಬೆಳಿಗ್ಗೆ ಆ ಇದು ಬೇಕಾಗಿತ್ತು, ನೀರು ಕುಡಿಯುವುದು. ಹೆಸರು ಬರಲಿಲ್ಲ. ಕೈ ತೋರಿಸಿ ತೋರಿಸಿ ಸಾಕಾಗಿ ಅತ್ತುಬಿಟ್ಟೆ. ಈಗಲೂ ಬರುತ್ತಿಲ್ಲ, ಅದಕ್ಕೇ ಹೀಗೆ ಬರೆದಿದ್ದೇನೆ. ಆದರೆ ಅಂಕಿಗಳಿವೆ. ಅಂಕಿ ಇನ್ನೂ ಬಿಟ್ಟುಹೋಗಿಲ್ಲ. ಅವು ಇರುವಾಗಲೇ ಕಳಿಸು. ಉತ್ತರ ಯಾವ ಕಡೆ ಬಂದರೂ ತಡೆದುಕೊಳ್ಳುತ್ತೇನೆ. ತಿಳಿಯದೆ ಒಳಗೆ ಹೋಗುವುದನ್ನು ತಡೆಯಲಾರೆ.

ಅಣ್ಣ


ಮಾರ್ಚ್ ೯

ಪ್ರೀತಿಯ ಅಣ್ಣ,

ಸಿಹಿ ಸುದ್ದಿ. ಓಟ ಮುಗಿಯಿತು. ಗುಂಪು ಉಳಿಯಿತು. ನೀನು ಹತ್ತು ವರ್ಷದಿಂದ ಹೇಳುತ್ತಿದ್ದದ್ದೇ ಸರಿ. ಮೆತ್ತೆ ತೆಗೆದರೂ ಅಂಚಿನ ಕೆಲವನ್ನು ಬಿಟ್ಟರೆ ಉಳಿದೆಲ್ಲ ಒಟ್ಟಿಗೇ ಇವೆ. ಶಕ್ತಿ, ಸಂವೇಗ ಎರಡೂ ನೆಟ್ಟಗಿವೆ. ಪಟ್ಟಿ ಇಟ್ಟಿದ್ದೇನೆ.

ಇನ್ನು ಯಾವ ಯೋಚನೆಯೂ ಬೇಡ. ಧೈರ್ಯವಾಗಿ ಹೋಗಿ ಬಾ. ಎಲ್ಲ ಒಳ್ಳೆಯದಾಗುತ್ತದೆ.

ನಿನ್ನ ತಂಗಿ


ಮಾರ್ಚ್ ೧೩

ತಂಗಿ,

ನೀನು ಯಾವತ್ತೂ "ಪ್ರೀತಿಯ ಅಣ್ಣ" ಎಂದು ಶುರು ಮಾಡಿದವಳಲ್ಲ. ಆದರೂ ನಂಬಿದೆ. ಅರ್ಧ ದಿನ ನಂಬಿಕೊಂಡು ಕೂತಿದ್ದೆ. ಬಸ್ಸು ತೊಳೆಯುವವರಿಗೆ ಕೈ ಬೀಸಿದೆ. ಆಮೇಲೆ ಪಟ್ಟಿ ತೆಗೆದೆ.

ಸಂವೇಗದ ಕಾಲಂ ಪೂರ್ತಿ ಸೊನ್ನೆ.

ಮರದ ಲೆಕ್ಕದಲ್ಲಿ ಸೊನ್ನೆ ಬರುವುದಿಲ್ಲ, ಪಿಟೀಲು. ಈ ಕಣ ದೂರದ ಕಣವನ್ನು ಒಂದು ಡಬ್ಬಿಯ ಭಾರದಲ್ಲಿ ಸೇರಿಸಿ ನೋಡುತ್ತದೆ. ಆ ಕಣ ಇದನ್ನು ಬೇರೆ ಅಳತೆಯ ಇನ್ನೊಂದು ಡಬ್ಬಿಯಲ್ಲಿ ಸೇರಿಸಿ ನೋಡುತ್ತದೆ. ಇದು ಎಳೆದಷ್ಟೇ ಅದು ಎಳೆಯುವುದಿಲ್ಲ. ಪ್ರತಿ ಹೆಜ್ಜೆಗೂ ಚೂರು ಉಳಿಯುತ್ತದೆ, ಆ ಚೂರು ಹುಳುವಿನ ಹಾಗೆ ಅತ್ತಿತ್ತ ತೆವಳುತ್ತದೆ. ನಿಜವಾಗಿ ಓಡಿದ ಲೆಕ್ಕದ ಗುರುತು ಅದೇ. ನೀನು ಸಣ್ಣ ಪರೀಕ್ಷೆಯ ಆ ಚೆಂದದ ಸೊನ್ನೆಗಳನ್ನು ಎತ್ತಿ ಇಲ್ಲಿ ಅಂಟಿಸಿದ್ದೀಯ. ಉಳಿದ ಅಂಕಿಗಳನ್ನು ಎಲ್ಲಿಂದ ತಂದೆಯೋ ಕೇಳುವುದಿಲ್ಲ.

ಇಲ್ಲಿ ಬಾಗಿಲು ತೆರೆದು ಒಳಗೆ ಬರುವವರೆಲ್ಲ ಮುಖಕ್ಕೆ ನಗು ಅಂಟಿಸಿಕೊಂಡೇ ಬರುತ್ತಾರೆ. ಡಾಕ್ಟರು, ನರ್ಸಮ್ಮ, ನನ್ನ ಹೆಂಡತಿ, ನೆಲ ಒರೆಸುವವರು ಕೂಡ. ಎಲ್ಲರೂ ನನ್ನ ಸುತ್ತ ಮೆತ್ತೆ ಒತ್ತುತ್ತಿದ್ದಾರೆ, ಉಸಿರಾಡಲು ಆಗುತ್ತಿಲ್ಲ. ನಿನ್ನ ಕಾಗದದ ಮೇಲೆ ಮಾತ್ರ ಕಾಲೂರಿ ನಿಂತಿದ್ದೆ. ನೀನೂ ನನ್ನನ್ನು ರೋಗಿಗಳ ಡಬ್ಬಿಯಲ್ಲಿ ಹಾಕಿ ದೂರದಿಂದ ನೋಡಿದೆಯಲ್ಲ. ಬೇಜಾರಾಗಿತ್ತೇ? ಈ ಮುದಿ ಲೆಕ್ಕ ಸಾಕಾಗಿತ್ತೇ? ಹಾಗಾದರೆ ಹಾಗೆಂದೇ ಬರೆಯಬಹುದಿತ್ತು.

ಇದನ್ನು ಬರೆಯಲು ಎರಡು ದಿನ ಬೇಕಾಯಿತು. ಇನ್ನೊಂದು ಕಾಗದ ಬರೆಯುವಷ್ಟು ಉಳಿದಿಲ್ಲ.

ಅಣ್ಣ


ಮಾರ್ಚ್ ೧೬

ಅತ್ತಿಗೆ,

ನೀವು ಫೋನಿನಲ್ಲಿ "ಒಂದೇ ಒಂದು ಸಲ ನಿಮ್ಮಣ್ಣನಿಗೆ ಒಳ್ಳೇದು ಬರಿ, ನಿನಗೆ ಕೈ ಮುಗಿತೀನಿ, ಆ ಮನುಷ್ಯ ನೆಮ್ಮದಿಯಾಗಿ ಒಳಗೆ ಹೋಗಲಿ" ಎಂದು ಅತ್ತದ್ದಕ್ಕೆ ಬರೆದೆ. ಪಟ್ಟಿಯಲ್ಲಿ ನಾನು ಅಂಟಿಸಿದ ಸೊನ್ನೆಗಳನ್ನು ನೋಡಿ ಅಣ್ಣ ಹಿಡಿದುಬಿಟ್ಟ. ನಿಮ್ಮ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ. ಅವನು ನನ್ನ ಮೇಲೆಯೇ ಸಿಟ್ಟಾಗಿರಲಿ. ದಿನವೂ ಎದುರಿಗೆ ಕೂರುವವರು ನೀವು.

ಆದರೆ ಇದರ ಜೊತೆಗೆ ಅವನಿಗೆ ಬರೆದಿರುವ ಕಾಗದವನ್ನು ಹೇಗಾದರೂ ೧೯ಕ್ಕೆ ಮೊದಲು ಅವನ ಕೈಗೆ ಕೊಡಿ. ಒಡೆದು ಓದಿ ಎತ್ತಿಡಬೇಡಿ. ಇದೊಂದು ನಡೆಸಿಕೊಡಿ.


ಮಾರ್ಚ್ ೧೬

ಅಣ್ಣ,

ಸುಳ್ಳು ಬರೆದೆ. ಓಟ ಮುಗಿದಿಲ್ಲ. ಬಿರುಗಾಳಿ ಎದ್ದು ಮೇಡಂ ಹೇಳಿದ ಹಾಗೇ ನನ್ನ ಓಟ ನಿಲ್ಲಿಸಿದರು. ಅರ್ಧದಲ್ಲಿ ನಿಂತಿದೆ. ಇವತ್ತು ಮತ್ತೆ ಹೋಗಿ ಬೇಡಿದೆ. "ಕರಾವಳಿಯಲ್ಲಿ ಜನ ಇದಾರೆ ಕಣಮ್ಮ, ನಿನ್ನ ನಕ್ಷತ್ರಗಳು ಕಾಯ್ತವೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನೀನು ಕಾಯುವ ಹಾಗಿಲ್ಲವಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಕಾವಲಿನವರು ಕರವಸ್ತ್ರ ಕೊಟ್ಟರು.

ಅರ್ಧದವರೆಗಿನ ನಿಜವಾದ ಪಟ್ಟಿ ಇದರಲ್ಲಿದೆ. ನೀನೇ ನೋಡು, ಸಂವೇಗ ತೆವಳುತ್ತಿದೆ. ಗುಂಪಿನ ಅಂಚು ಉದುರುತ್ತಿದೆ, ನಡುಭಾಗ ಬಿಗಿಯುತ್ತಿದೆ. ಮುಂದೆ ಏನಾಗುತ್ತದೆ ಎಂದರೆ ಗೊತ್ತಿಲ್ಲ. ಉಳಿಯುತ್ತದೆಯೋ, ಚದುರುತ್ತದೆಯೋ, ನನಗೆ ಗೊತ್ತಿಲ್ಲ, ಅಣ್ಣ. ನಿನ್ನನ್ನು ಒಳಗೆ ಕಳಿಸುವಾಗ ನನ್ನ ಕೈಯಲ್ಲಿರುವುದು ಇಷ್ಟೇ.

ಬೇಜಾರಾಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ.

ಪಿಟೀಲು


ಏಪ್ರಿಲ್ ೯

ಪುಟ್ಟಾ,

ಇಷ್ಟು ದಿನ ಫೋನಿನಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎಂದೇ ಹೇಳುತ್ತಿದ್ದೆ. ಇವತ್ತು ಕೂತು ಬರೆಯುತ್ತಿದ್ದೇನೆ. ಬರೆಯುವಾಗ ಅಳುವುದು ನಿನಗೆ ಕೇಳಿಸುವುದಿಲ್ಲ.

ನಿನ್ನ ಕಾಗದ ೧೮ರ ಸಂಜೆ ಬಂತು. ಒಡೆಯದೆ ಕೊಟ್ಟೆ. ಕೊಡಬಾರದು ಎಂದು ಕೈಚೀಲಕ್ಕೆ ಹಾಕಿ, ಮತ್ತೆ ತೆಗೆದು ಕೊಟ್ಟೆ. ಬಹಳ ಹೊತ್ತು ಓದಿದರು. ಅಂಕಿಗಳ ಮೇಲೆ ಬೆರಳಿಟ್ಟುಕೊಂಡು ಕೆಳಗಿನವರೆಗೂ ಹೋದರು. ಆಮೇಲೆ ನನ್ನನ್ನು ಕರೆದು, ತೊದಲಿಕೊಂಡೇ, "ಗೊತ್ತಿಲ್ಲ ಅಂತ ಬರ್ದಿದಾಳೆ ಕಣೇ" ಎಂದರು. ನರ್ಸಮ್ಮ ಬಂದಾಗ ಅವರಿಗೂ ಅದನ್ನೇ ಹೇಳಿದರು. ಏನೂ ಗೊತ್ತಿಲ್ಲ ಎಂದು ಬರೆದ ಕಾಗದಕ್ಕೆ ಇಷ್ಟು ಖುಷಿ ಯಾಕೋ ನನಗೆ ತಿಳಿಯಲಿಲ್ಲ. ಎಷ್ಟೋ ವಾರಗಳ ಮೇಲೆ ಅವತ್ತು ಚೆನ್ನಾಗಿ ಮಲಗಿದರು.

ಗಡ್ಡೆ ಪೂರ್ತಿ ತೆಗೆದರು. ಬದುಕಿದ್ದಾರೆ, ಬಲಗೈ ಸ್ವಲ್ಪ ಆಡುತ್ತದೆ. ಮಾತು ಒಂದೊಂದೇ ಬರುತ್ತಿದೆ. ಸಣ್ಣ ಸಣ್ಣ ವಾಕ್ಯ ನಿಧಾನಕ್ಕೆ ಹೇಳಿದರೆ ಅರ್ಥವಾಗುತ್ತದೆ. ಲೆಕ್ಕ ಇಲ್ಲ. ನಿನ್ನ ಪಟ್ಟಿ ತೋರಿಸಿದೆ, ಇರುವೆ ನೋಡಿದ ಹಾಗೆ ನೋಡಿದರು. ಎರಡು ಬೆರಳು ತೋರಿಸಿ ಎಷ್ಟು ಎಂದರೆ ನನ್ನ ಮುಖ ನೋಡುತ್ತಾರೆ. ನಿನ್ನ ಕಾಗದಗಳಲ್ಲಿ ಏನಿತ್ತೆಂದೂ ನೆನಪಿಲ್ಲ. ಆದರೆ ಪೆನ್ಸಿಲು ಕೇಳಿ ಒಂದು ಬೆಳಗಿನ ಹೊತ್ತೆಲ್ಲ ಕೂತು ಏನೋ ಬರೆದಿದ್ದಾರೆ. ಜೊತೆಗೆ ಇಟ್ಟಿದ್ದೇನೆ.

ಓಟ ಮುಗಿಯಿತು ಎಂದು ಮೊನ್ನೆ ಹೇಳಿದೆಯಲ್ಲ, ಏನು ಬಂತೆಂದು ನಾನು ಕೇಳಲಿಲ್ಲ, ನಿನ್ನ ದನಿಯಲ್ಲೇ ಗೊತ್ತಾಯಿತು. ಪುಟ್ಟಾ, ಈಗಲಾದರೂ ಉಳಿಯಿತು ಎಂದು ಬರಿ. ಈ ಸಲ ಯಾವ ಸೊನ್ನೆಯೂ ನಿನ್ನನ್ನು ಹಿಡಿದುಕೊಡುವುದಿಲ್ಲ. ಆ ಮನುಷ್ಯನ ಹತ್ತಿರ ಇನ್ನೇನು ಉಳಿದಿದೆ ಹೇಳು.

ನಿನ್ನ ಅತ್ತಿಗೆ

(ಒಳಗೊಂದು ಹಾಳೆ. ಪೆನ್ಸಿಲಿನಲ್ಲಿ, ಹಾಳೆಯ ತುಂಬ ಆವರಿಸಿದ ದೊಡ್ಡ ಅಕ್ಷರಗಳಲ್ಲಿ:)

ಪಿಟೀಲು
ಗುಂಪು?


ಏಪ್ರಿಲ್ ೧೭

ಅತ್ತಿಗೆ, ಇದನ್ನು ಅಣ್ಣನಿಗೆ ನೀವೇ ಓದಿ ಹೇಳಬೇಕು. ನೀವು ಬದಲಿಸಿ ಓದಿದರೆ ಅವನಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಮೂರು ಸಲ "ಉಳಿಯಿತು" ಎಂದು ಬರೆದು ಮೂರು ಸಲವೂ ಹರಿದುಹಾಕಿದೆ. ಅವನು ಈಗ ಯಾವುದನ್ನೂ ಪರೀಕ್ಷಿಸಲಾರ. ಅದಕ್ಕೇ ನನಗೆ ಸುಳ್ಳು ಬರೆಯಲಾಗುತ್ತಿಲ್ಲ. ಅವನ ಹತ್ತಿರ ಏನು ಉಳಿದಿದೆ ಎಂದಿರಿ. ಕೇಳುವುದೊಂದು ಉಳಿದಿದೆ. ಇದ್ದ ಹಾಗೇ ಓದಿ, ಅತ್ತಿಗೆ. ನಿಧಾನವಾಗಿ.

ಅಣ್ಣ,

ನಾನು ಪಿಟೀಲು.

ನಿನ್ನ ಪ್ರಶ್ನೆ ಬಂತು.

ಬಿರುಗಾಳಿ ಹೋಯಿತು. ಯಂತ್ರ ಮತ್ತೆ ಸಿಕ್ಕಿತು. ಮೆತ್ತೆ ಹಾಕಲಿಲ್ಲ. ಪೂರ್ತಿ ಓಡಿಸಿದೆ.

ಗುಂಪು ಉಳಿಯಲಿಲ್ಲ.

ಮೊದಲು ಅಂಚಿನವು ಹೋದವು. ಆಮೇಲೆ ಒಳಗಿನವು ಹೋದವು. ಒಂದೊಂದಾಗಿ ಹೋದವು. ನಡುವೆ ಎರಡು ಕಣ ಒಂದನ್ನೊಂದು ಹಿಡಿದುಕೊಂಡವು. ಹತ್ತಿರ ಬಂದವರನ್ನೆಲ್ಲ ಅವೆರಡೇ ಎತ್ತಿ ಒಗೆದವು. ಆ ಎರಡು ಇನ್ನೂ ಸುತ್ತುತ್ತಿವೆ. ಉಳಿದ ಜಾಗ ಖಾಲಿ.

ನೀನು ಹೇಳಿದ್ದು ತಪ್ಪಾಯಿತು, ಅಣ್ಣ. ಅನುಮಾನ ಬಂದದ್ದೂ ನಿನಗೇ. ಮೆತ್ತೆ ತೆಗೆ ಎಂದವನೂ ನೀನೇ. ಬೇರೆ ಯಾರೂ ಹೇಳಿರಲಿಲ್ಲ.

ನನಗೆ ತುಂಬ ಸಂಕಟವಾಗುತ್ತಿದೆ. ನಿನಗೂ ಆಗುತ್ತದೆ. ಮುಂದಿನ ವಾರ ರಜೆ ಸಿಕ್ಕಿದೆ, ಬರುತ್ತೇನೆ. ಕಿಟಕಿಯ ಹತ್ತಿರ ಕೂರೋಣ. ಬಸ್ಸು ತೊಳೆಯುವುದನ್ನು ನೋಡೋಣ.

ಇನ್ನೊಂದು ಮಾತು. ನಿನಗೆ ಈಗ ಅರ್ಥವಾಗದಿದ್ದರೂ ಬರೆಯುತ್ತೇನೆ.

ಈ ಸಲ ಸಂವೇಗದ ಮೊತ್ತ ಸೊನ್ನೆ ಬಂದಿಲ್ಲ.

ಪಿಟೀಲು